ಕೇಳ್ರಿ, ಹೇಳ್ತೀನಿ: ದಿಕ್ಸೂಚಿ ಯಾಕೆ ತಿರುಗಿತು?

ಕಳೆದ ಸಂಚಿಕೆಯಲ್ಲಿ ನನ್ನ ಪಿಎಚ್‌.ಡಿ. ಬಗ್ಗೆ ಎರಡೇ ಸಾಲು ಬರೆದಿದ್ದೆ. ಉಪಗ್ರಹಗಳು ಅಳೆದ ಅಂಕಿಗಳನ್ನು ಹಿಡಿದು ಭೂಮಿಯ ಕಾಂತಕ್ಷೇತ್ರದ ಮಾದರಿ ಕಟ್ಟುವ ಕೆಲಸ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕಲಬುರಗಿಯ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ನನಗೆ ಮಕ್ಕಳು ಇಷ್ಟು ಪ್ರಶ್ನೆ ಯಾವತ್ತೂ ಕೇಳಿಲ್ಲ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಅಕ್ಕೋರೆ, ನನ್ನ ಮಗಳು ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದ್ದಾಳೆ. ನಿಮ್ಮ ಬರಹ ಓದಿ ತಾನೂ ಇದನ್ನೇ ಮಾಡುತ್ತೇನೆ ಅಂತಿದ್ದಾಳೆ. ಐದು ವರ್ಷ ಕೂತು ಇದರಲ್ಲಿ ಮಾಡುವುದಾದರೂ ಏನು? ದಿಕ್ಸೂಚಿಯ ಮುಳ್ಳು ಉತ್ತರ ತೋರಿಸುತ್ತದೆ ಅಂತ ಎಲ್ಲರಿಗೂ ಗೊತ್ತಲ್ವಾ? (ಸೇಡಂನಿಂದ ಒಬ್ಬ ತಾಯಿ)

ಅಕ್ಕಾ, ನಮ್ಮವ್ವನೂ ಹೀಗೇ ಕೇಳುತ್ತಿದ್ದಳು. ಆಗ ಹೇಳಲು ಬರಲಿಲ್ಲ, ಈಗ ನೋಡೋಣ.

ಎಪಿಎಂಸಿ ಕಡೆ ಲಾರಿ ತೂಗುವ ಕಾಂಟಾ ನೋಡಿರುತ್ತೀರಿ. ಅದರ ಮೇಲೆ 20 ಟನ್ನಿನ ತೊಗರಿ ಲಾರಿ ನಿಂತಿದೆ. ಕ್ಯಾಬಿನ್ನಿನಲ್ಲಿ ಡ್ರೈವರ್ ಮನೆಗೆಂದು ಇಟ್ಟುಕೊಂಡ 5 ಕೆಜಿ ಬೇಳೆ ಚೀಲ ಇದೆ. ಚೀಲ ಕೆಳಗಿಳಿಸದೆ ಅದರ ತೂಕ ಹೇಳಬೇಕು. ಸಾಲದ್ದಕ್ಕೆ ಗಾಳಿ ಬೀಸಿ ತಾಡಪತ್ರಿ ಬಡಿಯುತ್ತಿದೆ, ಕಾಂಟಾದ ಅಂಕಿ ನಿಲ್ಲುತ್ತಲೇ ಇಲ್ಲ. ನಮ್ಮ ಕೆಲಸ ಇದು.

ಲಾರಿ ಅಂದರೆ ಭೂಮಿಯ ಹೊಟ್ಟೆಯಿಂದ ಬರುವ ಕ್ಷೇತ್ರ. ನಮ್ಮ ಕಾಲ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದಿಂದ ಶುರುವಾಗುವ ಕರಗಿದ ಕಬ್ಬಿಣ ಸುಳಿಸುತ್ತಿ ಹರಿಯುತ್ತಿರುತ್ತದೆ. ಕ್ಷೇತ್ರ ಹುಟ್ಟುವುದು ಅಲ್ಲಿ. ಕಲಬುರಗಿಯಲ್ಲಿ ಅದರ ಬಲ 43 ಸಾವಿರ ನ್ಯಾನೋಟೆಸ್ಲಾದ ಆಸುಪಾಸು (ತೂಕಕ್ಕೆ ಕೆಜಿ ಇದ್ದಹಾಗೆ ಕಾಂತಬಲಕ್ಕೆ ಈ ಅಳತೆ). ಬೇಳೆ ಚೀಲ ಅಂದರೆ ಮೇಲ್ಪದರದ ಬಂಡೆಗಳಿಂದ ಬರುವುದು. ಉಪಗ್ರಹ ಹಾರುವ ಎತ್ತರಕ್ಕೆ ಅದು ಮುಟ್ಟುವುದು ಹತ್ತೋ ಇಪ್ಪತ್ತೋ ನ್ಯಾನೋಟೆಸ್ಲಾ. ಗಾಳಿ ಅಂದರೆ ಆಕಾಶದಲ್ಲಿ ಹರಿಯುವ ವಿದ್ಯುತ್ತು. ಬಿಸಿಲಿದ್ದಾಗ ಅದರ ಆಟ ಜಾಸ್ತಿ. ನಮ್ಮ ದೇಶದ ದಕ್ಷಿಣದ ತುದಿಯ ಮೇಲೆ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಹಗಲೆಲ್ಲ ಅಂಥದ್ದೊಂದು ಪ್ರವಾಹ ಹರಿಯುತ್ತದೆ. ಉಪಗ್ರಹಕ್ಕೆ ಈ ಮೂರೂ ಕೂಡಿದ ಒಂದೇ ಅಂಕಿ ಸಿಗುತ್ತದೆ. ಯಾವುದು ಎಲ್ಲಿಂದ ಬಂತು ಅಂತ ಅದರ ಮೇಲೆ ಬರೆದಿರುವುದಿಲ್ಲ.

ನಾನು ಜಾಸ್ತಿ ಬಳಸಿದ್ದು ಯುರೋಪಿನವರ ಸ್ವಾರ್ಮ್ ಉಪಗ್ರಹಗಳ ಅಂಕಿ. 2013ರ ನವೆಂಬರ್ 22ರಂದು ಮೂರನ್ನೂ ಒಂದೇ ರಾಕೆಟ್‌ನಲ್ಲಿ ಕಳಿಸಿದರು. ಎರಡು ಅಕ್ಕಪಕ್ಕ ಹಾರುತ್ತವೆ, ಮೂರನೆಯದು ಇನ್ನೂ ಮೇಲೆ. ಒಂದೊಂದೂ ಸುಮಾರು 9 ಮೀಟರ್ ಉದ್ದ, ಅದರಲ್ಲಿ 4 ಮೀಟರ್ ಬರೀ ಬಾಲ. ಅಳೆಯುವ ಉಪಕರಣವನ್ನು ಆ ಬಾಲದ ಮೇಲೆ ಕೂರಿಸಿದ್ದಾರೆ. ಯಾಕಂದರೆ ಉಪಗ್ರಹದ ಸ್ವಂತ ವೈರು, ಬ್ಯಾಟರಿಗಳೇ ಅಳತೆ ಕೆಡಿಸುತ್ತವೆ. (ಮುಂಬೈಯ ಕೊಲಾಬಾದಲ್ಲಿದ್ದ ಕಾಂತ ವೀಕ್ಷಣಾಲಯಕ್ಕೂ ಇದೇ ಗತಿಯಾಯಿತು. ಕರೆಂಟಿನ ಟ್ರಾಮ್ ಬರುತ್ತದೆ ಅಂತ ಗೊತ್ತಾಗಿ 1904ರಲ್ಲಿ ಅಲಿಬಾಗಿನಲ್ಲಿ ಹೊಸದು ಶುರುಮಾಡಿದರು.) ಸ್ವಾರ್ಮ್ ಅಂಕಿಗಳೆಲ್ಲ ಪುಕ್ಕಟೆ. ನಿಮ್ಮ ಮಗಳು ಸೇಡಂನಲ್ಲಿ ಕೂತೇ ಇಳಿಸಿಕೊಳ್ಳಬಹುದು.

ಸೆಕೆಂಡಿಗೊಂದು ಅಳತೆ ಅಂದರೂ ಒಂದು ಉಪಗ್ರಹಕ್ಕೆ ದಿನಕ್ಕೆ 86,400. ಮೊದಲ ವರ್ಷ ನಾನು ಮಾಡಿದ್ದು ಅದನ್ನು ಎಸೆಯುವ ಕೆಲಸ. ಹಗಲಿನದ್ದು ಬೇಡ. ಸೂರ್ಯನ ಕಡೆಯಿಂದ ಬಿರುಗಾಳಿ ಬಂದ ದಿನದ್ದು ಬೇಡ. ಶಾಂತ ರಾತ್ರಿಯದ್ದು ಮಾತ್ರ ಇರಲಿ. ಹೀಗೆ ಉಳಿದದ್ದನ್ನು ಹಿಡಿದು ಗಣಿತ ಶುರು. ದಾರಿ ತೋರಿಸಿದವನು ಜರ್ಮನಿಯ ಗಣಿತಜ್ಞ ಗೌಸ್, 1830ರ ದಶಕದಲ್ಲೇ. ಇಡೀ ಗೋಳದ ಮೇಲಿನ ಕ್ಷೇತ್ರವನ್ನು ದೊಡ್ಡ ಅಲೆ, ಅದರ ಮೇಲೆ ಸಣ್ಣ ಅಲೆ, ಅದರ ಮೇಲೆ ಇನ್ನೂ ಸಣ್ಣದು ಅಂತ ಬಿಡಿಸಿಡುವುದು. ಪ್ರಪಂಚವೆಲ್ಲ ಒಪ್ಪಿಕೊಂಡು ಐದು ವರ್ಷಕ್ಕೊಮ್ಮೆ ಹೊಸದು ಮಾಡುವ ಮಾದರಿ ಒಂದಿದೆ. ಅದರಲ್ಲಿ ಅಲೆಗಳು 13ನೇ ಹಂತಕ್ಕೆ ನಿಲ್ಲುತ್ತವೆ. ಭೂಮಿಯ ಹೊಟ್ಟೆಯ ಇವತ್ತಿನ ಚಿತ್ರವೆಲ್ಲ ಬರೀ 195 ಅಂಕಿಗಳಲ್ಲಿ ಬಂತು ಅಂದಹಾಗಾಯಿತು! ಅದಕ್ಕೂ ಮುಂದೆ ಹೋದರೆ ಬಂಡೆಗಳ ಸದ್ದು ಹೆಚ್ಚಾಗಿ ಹೊಟ್ಟೆಯ ಮಾತು ಕೇಳಿಸುವುದಿಲ್ಲ.

ಇನ್ನು ನನ್ನ ಪೆದ್ದತನ. ಎರಡನೇ ವರ್ಷ ನನ್ನ ಮಾದರಿಯನ್ನು ಆ ಒಪ್ಪಿತ ಮಾದರಿಯ ಪಕ್ಕ ಇಟ್ಟು, ಒಂದರಿಂದ ಇನ್ನೊಂದನ್ನು ಕಳೆದು ನಕ್ಷೆ ಹಾಕಿದೆ. ಸಮಭಾಜಕದ ಮೇಲೆ ಸೊನ್ನೆ. ಧ್ರುವಗಳಲ್ಲೂ ಸೊನ್ನೆ. ನಡುವೆ ಮಾತ್ರ, ಉತ್ತರಕ್ಕೊಂದು ದಕ್ಷಿಣಕ್ಕೊಂದು, ನೂರಕ್ಕೂ ಜಾಸ್ತಿ ನ್ಯಾನೋಟೆಸ್ಲಾದ ಕೆಂಪು ಪಟ್ಟಿ. ಇಳಕಲ್ ಸೀರೆಯ ದಡಿ ಇದ್ದಹಾಗೆ ನೀಟಾಗಿತ್ತು. ಹೊಸದೇನೋ ಸಿಕ್ಕಿತು ಅಂತ ಹನ್ನೊಂದು ದಿನ ನೆಲದ ಮೇಲೆ ಕಾಲಿಡಲಿಲ್ಲ. ಹಾಸ್ಟೆಲಿನಲ್ಲಿ ಪೇಡೆ ಹಂಚುವುದೊಂದು ಬಾಕಿ. ಹನ್ನೆರಡನೇ ದಿನ ಗೈಡ್ ನಕ್ಷೆ ನೋಡಿದರು. ಚಹಾ ಮುಗಿಸಿದರು. "ಭೂಮಿ ಪೂರ್ತಿ ದುಂಡಗಿದೆ ಅಂತ ನಿಮಗೆ ಯಾರು ಹೇಳಿದರು?" ಅಂತ ಕೇಳಿದರು.

ಭೂಮಿ ನಡುವಿನಲ್ಲಿ ಉಬ್ಬಿದೆ. ಹಾಗಾಗಿ ನಕ್ಷೆಯಲ್ಲಿ ನಾವು ಬಳಸುವ ಅಕ್ಷಾಂಶಕ್ಕೂ ಭೂಮಿಯ ಕೇಂದ್ರದಿಂದ ಎಣಿಸುವ ಅಕ್ಷಾಂಶಕ್ಕೂ ಸ್ವಲ್ಪ ಫರಕು. ಸಮಭಾಜಕದಲ್ಲಿ ಇಲ್ಲ, ಧ್ರುವದಲ್ಲಿ ಇಲ್ಲ, 45 ಡಿಗ್ರಿಯ ಹತ್ತಿರ ಎಲ್ಲಕ್ಕಿಂತ ಜಾಸ್ತಿ, ಡಿಗ್ರಿಯ ಐದನೇ ಒಂದು ಭಾಗದಷ್ಟು. ಉಪಗ್ರಹದ ಲೆಕ್ಕ ಒಂದರಲ್ಲಿ, ನಾನು ಹೋಲಿಸಿದ ಮಾದರಿಯ ಲೆಕ್ಕ ಇನ್ನೊಂದರಲ್ಲಿ. ನಡುವೆ ಬದಲಾಯಿಸುವ ಒಂದು ಸಾಲು ನನ್ನ ಪ್ರೋಗ್ರಾಮಿನಲ್ಲಿ ಇರಲೇ ಇಲ್ಲ. ಆ ಸಾಲು ಬರೆದೆ. ದಡಿ ಮಾಯ. ಆ ನಕ್ಷೆಯ ಪ್ರಿಂಟು ಇನ್ನೂ ನನ್ನ ಬೀರುವಿನಲ್ಲಿದೆ. ಈಗ ಯಾವ ಮಕ್ಕಳು ಪ್ರಾಜೆಕ್ಟ್ ತಂದು ಬಹಳ ಅಂದವಾದ ಗ್ರಾಫ್ ತೋರಿಸಿದರೂ ಮೊದಲು ಅನುಮಾನ ಬರುತ್ತದೆ.

ಊಟದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ತಾಯಿಗೆ ಅದು ಮುಖ್ಯ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37 ಸಾವಿರ, ಎರಡು ವರ್ಷದ ನಂತರ 42 ಸಾವಿರ, ಮನೆ ಬಾಡಿಗೆ ಬೇರೆ. ಹೆಚ್ಚೂಕಡಿಮೆ ನಮ್ಮೂರಿನ ಕಾಂತಬಲದಷ್ಟೇ! ನವಿ ಮುಂಬೈಯಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆ ಇದೆ, ಹೈದರಾಬಾದಿನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಇದೆ. ನಿಮಗಂತೂ ಹೈದರಾಬಾದು ಪಕ್ಕದಲ್ಲೇ. ಅವಳಿಗೆ ಮ್ಯಾಟ್ರಿಕ್ಸ್ ಗಣಿತ ಇಷ್ಟ ಇದೆಯಾ ಕೇಳಿ. ಇಲ್ಲ ಅಂದರೆ ಈ ಕೆಲಸ ಬೇಡ. ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆ ಆಮೇಲೆ ಕಲಿಯಬಹುದು.

ಬಸವಕಲ್ಯಾಣದ ಹತ್ತಿರ ನಮ್ಮ ಹೊಲದ ಕರಿ ಬಂಡೆಯ ಮೇಲೆ ದಿಕ್ಸೂಚಿ ಇಟ್ಟರೆ ಮುಳ್ಳು ಪಕ್ಕಕ್ಕೆ ತಿರುಗುತ್ತದೆ. ಒಳಗೆ ಕಬ್ಬಿಣದ ಗಣಿ ಇದೆಯಾ? (ಬಿ.ಎಸ್ಸಿ. ವಿದ್ಯಾರ್ಥಿ, ಬೀದರ್)

ಗಣಿ ಇಲ್ಲ ತಮ್ಮಾ, ಅಪ್ಪನಿಗೆ ಈಗಲೇ ಹೇಳಬೇಡ. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದರಲ್ಲಿ ಮ್ಯಾಗ್ನೆಟೈಟ್ ಅನ್ನುವ ಖನಿಜದ ಸಣ್ಣ ಸಣ್ಣ ಕಾಳು ಇರುತ್ತವೆ. ಲಾವಾ ಆರುವಾಗ ಆಗಿನ ಕಾಂತಕ್ಷೇತ್ರ ಯಾವ ಕಡೆ ಇತ್ತೋ ಆ ದಿಕ್ಕನ್ನು ಹಿಡಿದು ಕೂತುಬಿಡುತ್ತವೆ. ದಖ್ಖನ್ನಿನ ಎಷ್ಟೋ ಪದರಗಳಲ್ಲಿ ಆ ದಿಕ್ಕು ಇವತ್ತಿಗೆ ಪೂರ್ತಿ ಉಲ್ಟಾ. ಆಗ ಭೂಮಿಯ ಉತ್ತರ ದಕ್ಷಿಣ ಅದಲುಬದಲಾಗಿತ್ತು. ಅಷ್ಟೇ ಅಲ್ಲ, ಆಗ ಈ ನೆಲ ಇದ್ದದ್ದೂ ಸಮಭಾಜಕದ ಆಚೆ, ದಕ್ಷಿಣಕ್ಕೆ. ಇನ್ನು ಬಂಡೆಗೆ ಎಂದಾದರೂ ಸಿಡಿಲು ಬಡಿದಿದ್ದರೆ ಆ ಜಾಗ ಇನ್ನೂ ಜೋರಾಗಿ ಎಳೆಯುತ್ತದೆ.

ಒಂದು ಕೆಲಸ ಮಾಡು. ದಿಕ್ಸೂಚಿಯನ್ನು ಬಂಡೆಯ ಮೇಲೆ ಗೇಣು ಗೇಣಾಗಿ ಸರಿಸುತ್ತ ಹೋಗು, ಮುಳ್ಳು ಎಷ್ಟು ಡಿಗ್ರಿ ತಿರುಗಿತು ಬರೆದುಕೋ. ಆಮೇಲೆ ಮನೆಯ ಶಹಾಬಾದ್ ಫರ್ಸಿಯ ಮೇಲೆ ಇಟ್ಟು ನೋಡು. ಸುಮ್ನೆ ಕೂತಿರುತ್ತದೆ. ಅದು ಸುಣ್ಣದ ಕಲ್ಲು. ನಿನ್ನ ಬಂಡೆ ಉಪಗ್ರಹಕ್ಕೆ ಕಾಣುತ್ತದಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀಯ, ಈಗಲೇ ಹೇಳಿಬಿಡುತ್ತೇನೆ: ಕಾಣಲ್ಲ. 450 ಕಿಲೋಮೀಟರ್ ಮೇಲಿನಿಂದ ಒಂದೊಂದು ಬಂಡೆ ಹೋಗಲಿ, ಒಂದೊಂದು ತಾಲ್ಲೂಕೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಎಲ್ಲ ಕಲೆಸಿಹೋಗಿರುತ್ತದೆ.

ಭೂಮಿಯ ಕಾಂತಶಕ್ತಿ ಮುಗಿಯುತ್ತಾ ಬಂದಿದೆ, ಧ್ರುವ ತಿರುಗಿ ಮೊಬೈಲ್ ಎಲ್ಲ ಸುಟ್ಟುಹೋಗುತ್ತವೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ? (ಶಹಾಪುರ)

ಅರ್ಧ ನಿಜಕ್ಕೆ ಒಂದೂವರೆ ಸುಳ್ಳು ಕಟ್ಟಿದ್ದಾರೆ. ಕಳೆದ 200 ವರ್ಷದಲ್ಲಿ ಬಲ ಸರಾಸರಿ 9 ಪರ್ಸೆಂಟ್ ಕಡಿಮೆಯಾಗಿದೆ, ಅದು ಸರಿ. ಧ್ರುವ ತಿರುಗುವುದೂ ಇದೆ. ಕೊನೆಗೆ ತಿರುಗಿದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ಆದರೆ ಅದು ನಡೆಯಲು ಸಾವಿರಾರು ವರ್ಷ ಹಿಡಿಯುತ್ತದೆ. ಉತ್ತರದ ಕಾಂತಧ್ರುವ ಮಾತ್ರ ಕೆನಡಾ ಬಿಟ್ಟು ಸೈಬೀರಿಯಾ ಕಡೆ ಹೊರಟಿದೆ. ಈ ಶತಮಾನದ ಶುರುವಿನಲ್ಲಿ ವರ್ಷಕ್ಕೆ 50 ಕಿಲೋಮೀಟರ್ ದಾಟಿ ಓಡುತ್ತಿತ್ತು, ಈಗ ನಿಧಾನ ಮಾಡಿದೆ. ಅದಕ್ಕೇ ಮಾದರಿಯನ್ನು ಆಗಾಗ ಹೊಸದು ಮಾಡಬೇಕು. ನಿಮ್ಮ ಮೊಬೈಲಿನ ದಿಕ್ಸೂಚಿ ನಿಜವಾದ ಉತ್ತರ ತೋರಿಸುವುದೂ ಅಂಥ ಮಾದರಿಯ ಸಹಾಯದಿಂದಲೇ. ಮೆಸೇಜ್ ಮುಂದಕ್ಕೆ ಕಳಿಸಬೇಡಿ, ಅಷ್ಟು ಮಾಡಿ.

ಅಕ್ಕೋರೆ, ವಾಸ್ತು ನೋಡಲು ಬಂದವರು ಮಲಗುವ ಕೋಣೆಯಲ್ಲಿ ದಿಕ್ಸೂಚಿ ಇಟ್ಟು, ಮನೆ 20 ಡಿಗ್ರಿ ವಾರೆ ಇದೆ, ಬಾಗಿಲಿನ ಗೋಡೆ ಒಡೆಸಿ ಅಂದಿದ್ದಾರೆ. ಏನು ಮಾಡಲಿ? (ಆಳಂದದ ಹಿರಿಯರೊಬ್ಬರು)

ಕಾಕಾ, ವಾಸ್ತು ನನ್ನ ವಿಷಯ ಅಲ್ಲ, ಮುಳ್ಳಿನ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಕಡೆ ಕಾಂತ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಫರಕು ಹೆಚ್ಚೆಂದರೆ ಒಂದು ಡಿಗ್ರಿಯ ಆಸುಪಾಸು. ಉಳಿದ 19 ಎಲ್ಲಿಂದ ಬಂತು? ದಿಕ್ಸೂಚಿ ಎಲ್ಲಿ ಇಟ್ಟಿದ್ದರು, ನೆನಪು ಮಾಡಿಕೊಳ್ಳಿ. ಕಬ್ಬಿಣದ ಮಂಚದ ಮೇಲೋ, ಗೋದ್ರೇಜ್ ಬೀರುವಿನ ಪಕ್ಕವೋ? ಆರ್‌ಸಿಸಿ ನೆಲವಾದರೆ ಒಳಗಿನ ಸರಳೂ ಮುಳ್ಳನ್ನು ಎಳೆಯುತ್ತದೆ. ಅದೇ ದಿಕ್ಸೂಚಿ ಹಿಡಿದು ಹೊರಗೆ ಬನ್ನಿ. ಮೋಟರ್ ಸೈಕಲ್, ಬೋರ್‌ವೆಲ್ ಪೈಪು, ಕರೆಂಟ್ ಕಂಬ ಎಲ್ಲದರಿಂದ ದೂರ, ಖಾಲಿ ಹೊಲದ ಮಧ್ಯ ನಿಂತು, ಅಲ್ಲಿಂದಲೇ ಮನೆಯ ಗೋಡೆಯ ಗೆರೆ ಹಿಡಿದು ನೋಡಿ. ಕಿಸೆಯ ಮೊಬೈಲನ್ನು ಮೊಮ್ಮಗನ ಕೈಗೆ ಕೊಟ್ಟು ಹೋಗಿ. ಗೌಂಡಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ?