ಬಡಾವಣೆಯ ಒಳರಸ್ತೆ: ವೇಗ, ಹಂಪ್, ದಂಡ – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಖಾಸಗಿ ಬಡಾವಣೆ, ರಸ್ತೆಗಳೂ ಸಂಘದ್ದೇ. ವಾಹನಗಳು ಸಿಕ್ಕಾಪಟ್ಟೆ ಜೋರಾಗಿ ಓಡುತ್ತವೆ ಎಂದು ಅರ್ಧ ಜನ, ಹಾಗೇನಿಲ್ಲ ಎಂದು ಇನ್ನರ್ಧ. ನಿಜ ತಿಳಿಯುವುದು ಹೇಗೆ?

ಉತ್ತರ: ಅಳೆದು ನೋಡಿದರೆ ಮುಗಿಯಿತು. ನೇರವಾದ ಕಡೆ ಟೇಪ್ ಹಿಡಿದು 50 ಮೀಟರ್ ಅಳೆದು, ಎರಡೂ ತುದಿಗೆ ಸುಣ್ಣದ ಗೆರೆ ಎಳೆಯಿರಿ. ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಸ್ಟಾಪ್‌ವಾಚ್ ಒತ್ತಿ, ಎರಡನೆಯದನ್ನು ಮುಟ್ಟಿದಾಗ ನಿಲ್ಲಿಸಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: 6 ಸೆಕೆಂಡಾದರೆ 30, ನಾಲ್ಕೂವರೆಯಾದರೆ 40. ಜಾಗ ಸಾಲದೆಂದು 20 ಮೀಟರಿಗೆ ಇಳಿಸಬೇಡಿ. ಅಷ್ಟು ಕಡಿಮೆ ದೂರದಲ್ಲಿ ನಿಲ್ಲಿಸುವ ಬೆರಳು 0.2 ಸೆಕೆಂಡು ತಡವಾದರೆ 40ರ ವೇಗ 36 ಎಂದು ತೋರುತ್ತದೆ. 50 ಮೀಟರಿನಲ್ಲಿ ಅದೇ ತಪ್ಪಿಗೆ 38 ಬರುತ್ತದೆ.

ಅಳೆಯುವವರು ರಸ್ತೆಬದಿಯಲ್ಲಿ ನೋಟ್‌ಬುಕ್ ಹಿಡಿದು ನಿಂತರೆ ಎಲ್ಲರೂ ಸಾಧುಗಳಾಗಿಬಿಡುತ್ತಾರೆ. ಕಣ್ಣಿಗೆ ಬೀಳದಂತೆ ಕೂರಿ. ಮುಂದಿನ ವಾಹನದ ಹಿಂದೆ ಸಿಕ್ಕಿಕೊಂಡು ಬರುವವುಗಳನ್ನು ಬಿಟ್ಟು, ಮುಂದೆ ಅಡ್ಡಿಯಿಲ್ಲದೆ ಓಡುವ 100 ವಾಹನಗಳನ್ನು ಬರೆದುಕೊಳ್ಳಿ. ನಿಧಾನದಿಂದ ಜೋರಿನ ಕಡೆಗೆ ಜೋಡಿಸಿದಾಗ 85ನೆಯದರ ವೇಗ ಎಷ್ಟೋ ಅದೇ ನಿಮ್ಮ ರಸ್ತೆಯ ನಿಜವಾದ ವೇಗ. ಎಂಜಿನಿಯರುಗಳು ಹಿಡಿಯುವ ಲೆಕ್ಕವೂ ಇದೇ. ಫಲಕದಲ್ಲಿ 20 ಎಂದಿದ್ದು 85ನೆಯ ವಾಹನ 40ರಲ್ಲಿದ್ದರೆ ತಪ್ಪು ಒಬ್ಬಿಬ್ಬರದಲ್ಲ, ರಸ್ತೆಯೇ ಹಾಗೆ ಓಡಿಸುತ್ತಿದೆ. ಮೊದಲ 85 ವಾಹನಗಳು ನಿಧಾನವಾಗಿದ್ದು ಕೊನೆಯ ಹತ್ತು ಹದಿನೈದು ಮಾತ್ರ ಹುಚ್ಚುಗಟ್ಟಿ ಓಡುತ್ತಿದ್ದರೆ, ಆಗ ಆ ಹತ್ತು ಹದಿನೈದು ಯಾರು ಎಂದು ಹುಡುಕಬೇಕು. ಎರಡಕ್ಕೂ ಮದ್ದು ಬೇರೆ ಬೇರೆ.

ಪ್ರಶ್ನೆ: 30 ಆದರೇನು, 50 ಆದರೇನು? ಬ್ರೇಕ್ ಚೆನ್ನಾಗಿದ್ದರೆ ಸಾಲದೇ?

ಉತ್ತರ: ಸಾಲದು. ಮಗುವೊಂದು ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಎಂದುಕೊಳ್ಳೋಣ. 30ರಲ್ಲಿರುವ ಕಾರು ಅಷ್ಟರಲ್ಲಿ 8 ಮೀಟರ್ ಓಡಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಇನ್ನೈದು ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು ಸುಮಾರು 13. ಐವತ್ತರಲ್ಲಿರುವ ಕಾರಿಗೆ ಆ ಮೊದಲ ಸೆಕೆಂಡಿನಲ್ಲೇ 14 ಮೀಟರ್ ಕಳೆದುಹೋಗುತ್ತದೆ. ಅಂದರೆ ಮೊದಲನೆಯದು ನಿಂತುಬಿಟ್ಟ ಜಾಗವನ್ನು ಎರಡನೆಯದು ಬ್ರೇಕನ್ನೇ ಮುಟ್ಟದೆ, ಪೂರಾ 50ರಲ್ಲಿ ದಾಟುತ್ತದೆ.

ಪ್ರಶ್ನೆ: ಟಾರು ತಂದು ನಾವೇ ಹಂಪ್ ಹಾಕಿಸಿದೆವು. ಎರಡು ಬೈಕ್ ಬಿದ್ದವು, ಕಾರುಗಳ ತಳ ತಾಗುತ್ತದೆ, ಆದರೂ ವೇಗ ಕಡಿಮೆಯಾಗಿಲ್ಲ. ಎಲ್ಲಿ ತಪ್ಪಾಯಿತು?

ಉತ್ತರ: ಬಹುಶಃ ನೀವು ಹಾಕಿಸಿದ್ದು ಹಂಪ್ ಅಲ್ಲ, ದಿಂಡು. ಒಂದೆರಡು ಅಡಿ ಅಗಲ, ಅರ್ಧ ಅಡಿ ಎತ್ತರದ ಕಡಿದಾದ ದಿಂಡು ಪಾರ್ಕಿಂಗ್ ಜಾಗಕ್ಕೆ ಸರಿ, ರಸ್ತೆಗಲ್ಲ. ಅದರ ಮೇಲೆ ನಿಧಾನವಾಗಿ ಹೋದವರಿಗೆ ಸೊಂಟ ಮುರಿದಂತಾಗುತ್ತದೆ. ಜೋರಾಗಿ ಹಾರಿಸಿದರೆ ಚಕ್ರ ಮೇಲೆದ್ದು ಇಳಿಯುವಷ್ಟರಲ್ಲಿ ಸಸ್ಪೆನ್ಷನ್ ಆ ಪೆಟ್ಟನ್ನು ನುಂಗಿಬಿಡುತ್ತದೆ, ಒಳಗೆ ಕೂತವರಿಗೆ ಅಷ್ಟು ಗೊತ್ತಾಗುವುದಿಲ್ಲ. ನಿಧಾನಸ್ಥನಿಗೇ ಶಿಕ್ಷೆ.

ಸರಿಯಾದ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ ಏಳೂವರೆಯಿಂದ 10 ಸೆಂಟಿಮೀಟರ್ ಎತ್ತರ, ಬಿಲ್ಲಿನಂತೆ ಬಾಗಿದ ಮೈ. 1970ರ ದಶಕದಲ್ಲಿ ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ರೂಪಿಸಿದ ಆಕಾರ ಇದು. ಇದರ ಮೇಲೆ 25ರ ಆಸುಪಾಸಿನಲ್ಲಿ ಹಿತವಾಗಿ ದಾಟಬಹುದು. ವೇಗ ಹೆಚ್ಚಿದಷ್ಟೂ ಕುಲುಕಾಟ ಹೆಚ್ಚುತ್ತದೆ. ನಮಗೆ ಬೇಕಾದದ್ದೂ ಅದೇ. ಕಣ್ಣಂದಾಜಿನಲ್ಲಿ ಟಾರು ಸುರಿಯುವ ಬದಲು ಪ್ಲೈವುಡ್‌ನಲ್ಲಿ ಆ ಬಿಲ್ಲಿನ ಅಚ್ಚು ಕತ್ತರಿಸಿಟ್ಟುಕೊಳ್ಳಿ. ರೋಲರ್ ಹೊಡೆದ ಮೇಲೆ ಎರಡು ಮೂರು ಕಡೆ ಅಚ್ಚನ್ನು ಇಟ್ಟು ನೋಡಿ. ಎಲ್ಲಾದರೂ ಬೆರಳು ತೂರುವಷ್ಟು ಸಂದಿ ಕಂಡರೆ ಬಿಸಿಯಿರುವಾಗಲೇ ಸರಿಪಡಿಸಿ. ತಳದ ಹಳೇ ಟಾರನ್ನು ಎರಡೂ ಅಂಚಿನಲ್ಲಿ ಸ್ವಲ್ಪ ಕೆತ್ತಿ ಹೊಸದನ್ನು ಕಚ್ಚಿಸದಿದ್ದರೆ ಮೊದಲ ಮಳೆಗಾಲಕ್ಕೇ ಅಂಚು ಕಿತ್ತು ಮುಂದೆ ಗುಂಡಿ ಬೀಳುತ್ತದೆ.

ಒಂದೇ ಹಂಪ್ ಹಾಕಿ ಕೂತರೆ ಉಪಯೋಗವಿಲ್ಲ, ದಾಟಿದ ಕೂಡಲೇ ಎಲ್ಲರೂ ಆಕ್ಸಿಲರೇಟರ್ ಒತ್ತುತ್ತಾರೆ. 60ರಿಂದ 100 ಮೀಟರಿಗೊಂದರಂತೆ ಸಾಲಾಗಿ ಇರಬೇಕು, ಮೊದಲನೆಯದು ವೇಗ ಏರುವ ಮುಂಚೆಯೇ ಸಿಗಬೇಕು. ತಿರುವಿನಲ್ಲಿ, ಇಳಿಜಾರಿನ ಬುಡದಲ್ಲಿ, ಗೇಟಿನ ಎದುರಲ್ಲಿ ಬೇಡ. ಬದಿಯಲ್ಲಿ ನೀರು ಹರಿಯಲು ಒಂದು ಗೇಣು ಬಿಡಿ. ಅದಕ್ಕಿಂತ ಹೆಚ್ಚು ಬಿಟ್ಟರೆ ಬೈಕುಗಳೆಲ್ಲ ಅಲ್ಲೇ ನುಸುಳುತ್ತವೆ. ನಿಮ್ಮಲ್ಲಿ ಬೈಕ್ ಬಿದ್ದದ್ದು ಹೆಚ್ಚಾಗಿ ಕತ್ತಲಲ್ಲಿ ಕಾಣದೆ ಇರಬೇಕು. ಬರೀ ಬಿಳಿ ಪೇಂಟ್ ಸಾಲದು, ಹೆಡ್‌ಲೈಟ್ ಬಿದ್ದಾಗ ಹೊಳೆಯುವಂತೆ ಗಾಜಿನ ಮಣಿ ಬೆರೆಸಿದ ಬಣ್ಣ ಬೇಕು. ಹಂಪಿಗೆ 30–40 ಮೀಟರ್ ಮುಂಚೆ ಫಲಕ, ಹತ್ತಿರದಲ್ಲೊಂದು ಬೀದಿದೀಪ ಇರಲಿ.

ಬೋಲ್ಟ್ ಹಾಕಿ ಕೂರಿಸುವ ರಬ್ಬರ್ ತುಂಡುಗಳು ತಾತ್ಕಾಲಿಕವಾಗಿ ಪರವಾಗಿಲ್ಲ. ಆದರೆ ಒಂದು ತುಂಡು ಕಿತ್ತುಹೋದರೆ ಉಳಿಯುವ ಬೋಲ್ಟ್ ಟೈರು ಸೀಳುತ್ತದೆ, ಆಗಾಗ ಬಿಗಿ ನೋಡುತ್ತಿರಬೇಕು. ಹಂಪ್ ಹಾಕುವ ಮುಂಚೆ ಅಗ್ನಿಶಾಮಕ ದಳದವರನ್ನು ಒಂದು ಮಾತು ಕೇಳಿ: ಅವರ ಗಾಡಿಗೆ ಪ್ರತಿ ಹಂಪಿಗೂ ಕೆಲವು ಸೆಕೆಂಡು ನಷ್ಟ.

ಪ್ರಶ್ನೆ: ತಿರುವಿನಲ್ಲಿ ಉಬ್ಬುಗನ್ನಡಿ ಹಾಕಿದರೆ ಸಾಕೇ?

ಉತ್ತರ: ಬೇರೆ ದಾರಿಯೇ ಇಲ್ಲದಿದ್ದರೆ ಹಾಕಿ. ಕನ್ನಡಿಯಲ್ಲಿ ವಾಹನ ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿ ಕಾಣುತ್ತದೆ, ಎಡ ಬಲ ಅದಲುಬದಲು ಬೇರೆ. ಮಂಜು ಬಿದ್ದರೆ ಏನೂ ಕಾಣದು. ಮೊದಲು ಮೂಲೆಯಿಂದ 5–6 ಮೀಟರ್ ಒಳಗೆ ವಾಹನ ನಿಲ್ಲಿಸುವುದನ್ನು ಬಿಡಿಸಿ, ಬೇಲಿಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ. ಎಷ್ಟೋ ಕಡೆ ಅಷ್ಟಕ್ಕೇ ಕನ್ನಡಿಯ ಅಗತ್ಯ ತಪ್ಪುತ್ತದೆ.

ಪ್ರಶ್ನೆ: ಸಂಘದವರು ದಂಡ ಹಾಕಬಹುದೇ? ಪೊಲೀಸರು ಖಾಸಗಿ ರಸ್ತೆಗೆ ಬರುತ್ತಾರೆಯೇ?

ಉತ್ತರ: ಕಾನೂನು ಊರಿಂದೂರಿಗೆ ಬೇರೆ. ಬಹಳ ಕಡೆ ರಸ್ತೆಯ ಒಡೆಯರು ಯಾರು ಎಂಬುದಕ್ಕಿಂತ, ಹೊರಗಿನವರು ತಡೆಯಿಲ್ಲದೆ ಬಂದುಹೋಗುತ್ತಾರೆಯೇ ಎಂಬುದೇ ಮುಖ್ಯವಾಗುತ್ತದೆ. ಸ್ಥಳೀಯ ಠಾಣೆಗೆ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿ ಪಡೆಯಿರಿ. ಸಂಘದ ದಂಡಕ್ಕೆ ಬಲ ಬರುವುದು ಸದಸ್ಯರು ಸಹಿ ಹಾಕಿದ ಬೈಲಾದಿಂದ. ಅದರಲ್ಲಿ ವೇಗದ ಮಿತಿ, ದಂಡದ ಮೊತ್ತ, ನೋಟಿಸು, ಅಹವಾಲು ಹೇಳಿಕೊಳ್ಳಲು ಅವಕಾಶ ಇವೆಲ್ಲ ಇಲ್ಲದೆ ವಸೂಲಿಗೆ ಇಳಿದರೆ, ಜಗಳವಾದಾಗ ಆ ದಂಡ ನಿಲ್ಲುವುದಿಲ್ಲ. ಸದಸ್ಯರಲ್ಲದ ಡೆಲಿವರಿಯವರಿಗೆ ಬೈಲಾ ಅನ್ವಯಿಸುವುದಿಲ್ಲ. ಅವರಿಗೆ ಗೇಟಿನಲ್ಲಿ ಪ್ರವೇಶದ ಷರತ್ತೇ ಅಸ್ತ್ರ.

ರೇಡಾರ್ ಗನ್ ಕೊಳ್ಳುವವರಿಗೆ ಒಂದು ಮಾತು. ರಸ್ತೆಬದಿಯಿಂದ ಓರೆಯಾಗಿ ಹಿಡಿದರೆ ಅದು ವೇಗವನ್ನು ಕಡಿಮೆ ತೋರಿಸುತ್ತದೆ: 20 ಡಿಗ್ರಿ ಓರೆಗೆ ಶೇ 6ರಷ್ಟು. ಹೀಗಾಗಿ ‘ಓರೆಯಾಗಿ ಹಿಡಿದು ಜಾಸ್ತಿ ತೋರಿಸಿದ್ದೀರಿ’ ಎಂಬ ವಾದ ನಿಲ್ಲದು. ಆದರೆ ‘ಯಂತ್ರವನ್ನು ಯಾವಾಗ ಪರೀಕ್ಷಿಸಿದಿರಿ’ ಎಂದು ಕೇಳಿದರೆ ತೋರಿಸಲು ದಿನಾಂಕವಿರುವ ಪ್ರಮಾಣಪತ್ರ ಕೈಯಲ್ಲಿರಬೇಕು. ಕ್ಯಾಮೆರಾ ಹಾಕಿದರೆ ಅದರ ಕಣ್ಣು ರಸ್ತೆಯ ಮೇಲಿರಲಿ, ಯಾರ ಮನೆ ಬಾಗಿಲ ಮೇಲೂ ಬೇಡ; ಚಿತ್ರಗಳನ್ನು ಎಷ್ಟು ದಿನ ಇಡುತ್ತೀರಿ, ಯಾರು ನೋಡಬಹುದು ಎಂಬುದನ್ನೂ ಬೈಲಾದಲ್ಲೇ ಬರೆದಿಡಿ.