ಕರೆ ಬಂದಿದೆ, ರಾಜೀನಾಮೆ ಕೊಡಲೇ?

ಪ್ರಶ್ನೆ: ನನಗೆ 36 ವರ್ಷ. ಮಂಗಳೂರಿನ ಟೈಲ್ಸ್ ಅಂಗಡಿಯೊಂದರಲ್ಲಿ ಬಿಲ್ಲಿಂಗ್, ಸ್ಟಾಕ್ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಕಳೆದ ತಿಂಗಳು ಚರ್ಚಿನ ಉಜ್ಜೀವನ ಕೂಟದಲ್ಲಿ (ಭಕ್ತಿ ಚುರುಕುಗೊಳಿಸುವ ವಿಶೇಷ ಕೂಟ) ‘ನನ್ನನ್ನು ಹಿಂಬಾಲಿಸು’ ಎಂಬ ಯೇಸುವಿನ ವಾಕ್ಯ ನನಗೇ ಹೇಳಿದಂತಾಯಿತು. ಅಂದಿನಿಂದ ನಿದ್ದೆಯಿಲ್ಲ. ಜಿಎಸ್‌ಟಿ ಇಲ್ಲದ ಚೀಟಿ ಬರೆಯುವುದು, ಲಾರಿಯಲ್ಲೇ ಒಡೆದು ಬಂದ ಟೈಲ್ಸಿನ ದುಡ್ಡನ್ನು ಲೋಡಿಂಗ್ ಹುಡುಗರ ಕೂಲಿಯಲ್ಲಿ ಮುರಿಯುವುದು, ಇಂಥ ಕಡೆ ಕೂತು ಶಿಷ್ಯನಾಗುವುದು ಹೇಗೆ? ಕೆಲಸ ಬಿಟ್ಟು ಬೈಬಲ್ ಶಾಲೆ ಸೇರಲೇ? ಹೆಂಡತಿಗೆ ಇನ್ನೂ ಹೇಳಿಲ್ಲ.

ಉತ್ತರ: ಜಾಗದ ಅಭಾವದಿಂದ ನಿಮ್ಮ ಪತ್ರವನ್ನು ಮೊಟಕು ಮಾಡಿದ್ದೇನೆ, ಕ್ಷಮಿಸಿ. ಮೂಲದಲ್ಲಿ ಕೂಟದ ಬಗ್ಗೆ ಎರಡು ಪುಟವಿತ್ತು, ಲೋಡಿಂಗ್ ಹುಡುಗರ ಬಗ್ಗೆ ಒಂದೇ ಸಾಲು. ನನ್ನ ಕಣ್ಣು ಆ ಸಾಲಿನಲ್ಲೇ ನಿಂತಿತು.

ಸುಂಕದ ಕಟ್ಟೆಯಲ್ಲಿ ಕೂತಿದ್ದ ಲೇವಿ ಯೇಸುವಿನ ಅದೇ ಒಂದು ಮಾತಿಗೆ ಎಲ್ಲ ಬಿಟ್ಟು ಎದ್ದುಹೋದ, ನಿಜ. ಆದರೆ ಅವನ ಕಥೆಯಿರುವ ಲೂಕನ ಸುವಾರ್ತೆಯಲ್ಲೇ ಅದೇ ಕಸುಬಿನ ಜಕ್ಕಾಯನೂ ಇದ್ದಾನೆ. ಯೇಸು ಅವನಿಗೆ ಕೆಲಸ ಬಿಡು ಎನ್ನಲಿಲ್ಲ, ಅವನ ಮನೆಗೆ ಹೋದರು. ಅವನೇ ಎದ್ದು ನಿಂತು, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಲೆಕ್ಕ ಬರೆಯುವವನ ಪಶ್ಚಾತ್ತಾಪ ನೋಡಿ, ಅಂಕಿ ಸಮೇತ! ಅದಕ್ಕೂ ಮೊದಲು, 3ನೇ ಅಧ್ಯಾಯದಲ್ಲಿ, ‘ನಾವೇನು ಮಾಡಬೇಕು’ ಎಂದು ಕೇಳಿದ ಸುಂಕದವರಿಗೆ ಸ್ನಾನಿಕ ಯೋಹಾನ ಹೇಳಿದ್ದು ಇಷ್ಟೇ: ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ. ಯೇಸುವಿನ ನಂತರದ ಪ್ರಚಾರಕ ಪೌಲನೂ ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡಿಕೊಂಡೇ ಸುವಾರ್ತೆ ಸಾರಿದ.

ನಿಮ್ಮ ಮುತ್ತಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿದ್ದರು ಎಂದು ಬರೆದಿದ್ದೀರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಅದನ್ನು 1865ರಲ್ಲಿ ಶುರುಮಾಡಿತು. ಕ್ರೈಸ್ತರಾದ ಮೇಲೆ ಜಾತಿಯವರು ದೂರ ಮಾಡಿ ಅನ್ನದ ದಾರಿ ಕಳೆದುಕೊಂಡವರಿಗೆ ಮಿಷನ್ನಿನವರು ಪ್ರಾರ್ಥನೆಯ ಜೊತೆಗೆ ಮಗ್ಗವನ್ನೂ ಹಂಚಿನ ಗೂಡನ್ನೂ ಕೊಟ್ಟರು. ಹಂಚಿಗೆ ಮಣ್ಣು ತುಳಿದವರೂ ಚರ್ಚ್ ಸಭೆಯ ಸದಸ್ಯರೇ.

ಈಗ ನಿಮ್ಮ ಕೌಂಟರಿಗೆ ಬರೋಣ. ಮುಂದಿನ ಲೋಡ್ ಬಂದಾಗ ಪೆಟ್ಟಿಗೆಗಳನ್ನು ಲಾರಿಯಿಂದ ಇಳಿಸುವ ಮುಂಚೆಯೇ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಒಡೆದ ಪೆಟ್ಟಿಗೆಗಳ ಸಂಖ್ಯೆಯನ್ನು ಲಾರಿ ರಸೀದಿಯ ಮೇಲೇ ಬರೆದು ಡ್ರೈವರನ ಸಹಿ ಹಾಕಿಸಿ. ಆಗ ಧಣಿ ನಷ್ಟವನ್ನು ಟ್ರಾನ್ಸ್‌ಪೋರ್ಟಿನವರ ಹತ್ತಿರವೋ ಕಂಪನಿಯ ಹತ್ತಿರವೋ ಕೇಳಬಹುದು. ಹುಡುಗರ ತಪ್ಪಿಲ್ಲದ ನಷ್ಟವನ್ನು ಅವರ ಕೂಲಿಯಲ್ಲಿ ಹಿಡಿಯುವುದನ್ನು ಕಾನೂನೂ ಒಪ್ಪುವುದಿಲ್ಲ. ಈಗಾಗಲೇ ಮುರಿದದ್ದರ ಪಟ್ಟಿ ನಿಮ್ಮ ಕೈಬರಹದಲ್ಲೇ ಇದೆಯಲ್ಲ? ಅದನ್ನು ಕೂಡಿಸಿ ಇಡಿ.

ಚೀಟಿಯ ವಿಷಯ ಕಷ್ಟದ್ದು. ‘ಇನ್ನು ಮೇಲೆ ನನ್ನ ಕೈಯಿಂದ ಬರೆಯಲಾರೆ’ ಎಂದು ಧಣಿಗೆ ಒಬ್ಬರೇ ಇರುವಾಗ, ಮರ್ಯಾದೆಯಿಂದ ಹೇಳಿ. ಗಿರಾಕಿಯ ಎದುರು ಬೇಡ. ತೆರಿಗೆ ತಪ್ಪಿಸಲು ನೆರವಾದವರಿಗೂ 25,000 ರೂಪಾಯಿವರೆಗೆ ದಂಡ ಬೀಳಬಹುದು ಎಂಬುದನ್ನೂ ತಿಳಿಸಿ. ಅವರು ನಿಮ್ಮ ಮಾತು ಒಪ್ಪಬಹುದು, ನಿಮ್ಮನ್ನು ಗೋಡೌನಿಗೆ ಹಾಕಬಹುದು, ಬರಬೇಡ ಎಂದೂ ಅನ್ನಬಹುದು. ಹಾಗಾಗದು ಎಂದು ನಾನು ಮಾತು ಕೊಡಲಾರೆ. ಅದಕ್ಕೇ ಮೊದಲು ಹೆಂಡತಿಗೆ ಹೇಳಿ, ಇವತ್ತೇ. ಕೆಲಸ ಹೋದರೆ ಮಕ್ಕಳ ಫೀಸು ಹೊಂದಿಸಬೇಕಾದವರು ಅವರೂ ಹೌದು.

ಬೈಬಲ್ ಶಾಲೆ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ವರ್ಷ ತಡೆಯಿರಿ. ಆಮೇಲೂ ಆಸೆ ಹೀಗೆಯೇ ಇದ್ದರೆ ನಿಮ್ಮ ಸಭಾಪಾಲಕರ ಜೊತೆ, ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡಿ. ಈಗ ಹೊರಟರೆ ಕರೆಗೆ ಓಗೊಟ್ಟು ಹೊರಟಿರೋ, ಆ ಚೀಟಿ ಪುಸ್ತಕಕ್ಕೆ ಹೆದರಿ ಓಡಿದಿರೋ ನಿಮಗೇ ತಿಳಿಯದು.

ಕೂಲಿ ಮುರಿದ ಪಟ್ಟಿ ಕೂಡಿಸಿದಾಗ ಮೊತ್ತ ಎಷ್ಟಾಯಿತೆಂದು ನನಗೆ ಬರೆಯಿರಿ.