ಹೆರಿಗೆಯಾದ ಮೇಲೆ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ನೋಯುತ್ತಿದೆ, ಏನು ಮಾಡಲಿ?

ಮಗುವಿಗೆ ಪದೇ ಪದೇ ಹಾಲು ಕುಡಿಸಿ, ದಿನಕ್ಕೆ 8ರಿಂದ 12 ಸಲ. ಕುಡಿಸಿದ ಮೇಲೆ ತಣ್ಣನೆ ಬಟ್ಟೆ ಇಟ್ಟುಕೊಳ್ಳಿ. ಹೆಚ್ಚಿನವರಿಗೆ ಇಷ್ಟರಲ್ಲೇ ಒಂದೆರಡು ದಿನದಲ್ಲಿ ಬಿಗಿತ ಇಳಿಯುತ್ತದೆ.

ಹೆರಿಗೆಯಾಗಿ 2ರಿಂದ 5 ದಿನದೊಳಗೆ ಹಾಲು ಜೋರಾಗಿ ಬರಲು ಶುರುವಾಗುತ್ತದೆ. ಆದರೆ ಎದೆ ಊದುವುದು ಬರೀ ಹಾಲಿನಿಂದ ಅಲ್ಲ. ಆ ಹೊತ್ತಿಗೆ ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತದೆ, ಒಳಗೆ ನೀರೂ ತುಂಬಿಕೊಳ್ಳುತ್ತದೆ. ಊತ ಹಾಲಿನ ನಾಳಗಳನ್ನು ಒತ್ತುವುದರಿಂದ ಹಾಲು ಸರಾಗವಾಗಿ ಬರುವುದಿಲ್ಲ. ಅದಕ್ಕೇ ತಣ್ಣನೆಯದು ಮುಖ್ಯ. ಬಿಸಿ ಬಟ್ಟೆ ಬೇಕೆನಿಸಿದರೆ ಕುಡಿಸುವ ಮುಂಚೆ ಒಂದೆರಡು ನಿಮಿಷ ಸಾಕು.

ಎಷ್ಟೋ ಸಲ ತೊಟ್ಟಿನ ಸುತ್ತಲಿನ ಕಪ್ಪು ಭಾಗ ಗಾಳಿ ತುಂಬಿದ ಬಲೂನಿನಂತೆ ಬಿಗಿದಿರುತ್ತದೆ. ಮಗು ಬಾಯಿ ಹಾಕಿದರೂ ಜಾರುತ್ತದೆ, ಪಾಪ, ಅಳುತ್ತದೆ. ಆಗ ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳನ್ನಿಟ್ಟು ಎದೆಗೂಡಿನ ಕಡೆಗೆ ಒಂದು ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ. ನೀರು ಹಿಂದೆ ಸರಿದು ಆ ಜಾಗ ಮೆತ್ತಗಾಗುತ್ತದೆ. ತಕ್ಷಣ ಮಗುವನ್ನು ಹಾಕಿಕೊಳ್ಳಿ.

ಪಂಪ್ ಹಿಡಿದು ಪೂರ್ತಿ ಖಾಲಿ ಮಾಡಲು ಹೋಗಬೇಡಿ. ತೆಗೆದಷ್ಟೂ ಮೈ ಇನ್ನಷ್ಟು ಹಾಲು ತಯಾರಿಸುತ್ತದೆ. ಹಾಯೆನಿಸುವಷ್ಟು ಹಿಂಡಿದರೆ ಸಾಕು. ಜೋರಾಗಿ ತಿಕ್ಕುವುದಂತೂ ಬೇಡವೇ ಬೇಡ, ಊತ ಹೆಚ್ಚುತ್ತದೆ ಅಷ್ಟೇ. ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು, ಹಾಲುಣಿಸುವವರಿಗೆ ತೊಂದರೆಯಿಲ್ಲ.

ಜ್ವರ, ಚಳಿ ಬಂದರೆ ಅಥವಾ ಒಂದು ಕಡೆ ಕೆಂಪಾಗಿ ಬಿಸಿಯಾದರೆ ಸೋಂಕಿರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ.